ಕೋಟೆ ಬಿದ್ದದ್ದು ಕೊಟ್ಟ ಮಾತಿನಿಂದ: ಪಿಟ್ಸ್‌ಬರ್ಗಿನ ಒಂದು ಫಲಕದ ಸುತ್ತ

ಅಮೆರಿಕದ ಪೂರ್ವದ ರಾಜ್ಯಗಳಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಪಿಟ್ಸ್‌ಬರ್ಗ್ ಎಂದರೆ ಮೊದಲು ನೆನಪಾಗುವುದು ಪೆನ್ ಹಿಲ್ಸ್‌ನ ವೆಂಕಟೇಶ್ವರನ ಗುಡಿ. 1970ರ ದಶಕದಲ್ಲಿ ಎದ್ದ ಆ ಬಿಳಿ ಗೋಪುರವನ್ನು ನೋಡಲು ಐದಾರು ಗಂಟೆ ಕಾರು ಓಡಿಸಿಕೊಂಡು ಬರುವವರಿದ್ದಾರೆ. ದರ್ಶನವಾಗಿ, ಪುಳಿಯೋಗರೆ ತಿಂದಾದ ಮೇಲೆ, ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ, ಮುಂದಿನ ನಿಲುಗಡೆ ನಗರದ ತುದಿಯ ‘ಪಾಯಿಂಟ್’. ಅಲಿಗೇನಿ ಮತ್ತು ಮನಾಂಗಹೀಲಾ ನದಿಗಳು ಕೂಡಿ, ಒಹಾಯೊ ಎಂಬ ಮೂರನೆಯ ಹೆಸರು ಹೊತ್ತು ಹರಿಯತೊಡಗುವ ಮೂಲೆ ಅದು. ತುಂಗೆ ಭದ್ರೆ ಸೇರುವ ಕೂಡಲಿಯನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾರಂಜಿಯ ಮುಂದೆ ಫೋಟೊ ತೆಗೆಸಿಕೊಂಡು ಎಲ್ಲರೂ ವಾಪಸಾಗುತ್ತಾರೆ.

ಅದೇ ಪಾರ್ಕಿನಲ್ಲಿ ಸ್ವಲ್ಪ ನೆಲ ನೋಡಿಕೊಂಡು ನಡೆದರೆ ಹುಲ್ಲಿನ ನಡುವೆ ಗ್ರಾನೈಟ್ ಕಲ್ಲಿನ ಗೆರೆಯೊಂದು ಕಾಣುತ್ತದೆ. ಮೂಲೆಗಳಲ್ಲಿ ಚೂಪಾಗಿ ಹೊರಚಾಚಿದ ಆ ಗೆರೆ, ಫ್ರೆಂಚರು 1754ರಲ್ಲಿ ಕಟ್ಟಿದ ಫೋರ್ಟ್ ಡ್ಯುಕೇನ್ ನಿಂತಿದ್ದ ಜಾಗದ ಗುರುತು. ತುಸು ಆಚೆಗೆ ಇಟ್ಟಿಗೆಯ ಪುಟ್ಟ ಕಟ್ಟಡವಿದೆ. ಬ್ಲಾಕ್ ಹೌಸ್ ಎನ್ನುತ್ತಾರೆ. ಗೋಡೆಯ ಸುತ್ತ ದಪ್ಪನೆಯ ಮರದ ತೊಲೆ, ಆ ತೊಲೆಯಲ್ಲಿ ಬಂದೂಕಿನ ನಳಿಗೆ ತೂರಿಸಲು ಕೊರೆದ ಕಿಂಡಿಗಳು. ಗೋಡೆಗೆ ಕೂರಿಸಿದ ಕಲ್ಲಿನಲ್ಲಿ ‘ಎ.ಡಿ. 1764 ಕೊಲ್. ಬೂಕೇ’ ಎಂದು ಕೆತ್ತಿದೆ. ಕರ್ನಲ್ ಹೆನ್ರಿ ಬೂಕೇ ಕಟ್ಟಿಸಿದ್ದು ಎಂದರ್ಥ. ಡ್ಯುಕೇನ್ ಸುಟ್ಟುಹೋದ ಮೇಲೆ ಬ್ರಿಟಿಷರು ಪಕ್ಕದಲ್ಲೇ ಎಬ್ಬಿಸಿದ ಭಾರಿ ಫೋರ್ಟ್ ಪಿಟ್‌ನ ಮೂಲ ಕಟ್ಟಡಗಳಲ್ಲಿ ಇಂದಿಗೂ ನಿಂತಿರುವುದು ಇದೊಂದೇ. ಪಶ್ಚಿಮ ಪೆನ್ಸಿಲ್ವೇನಿಯಾದ ಅತಿ ಹಳೆಯ ಕಟ್ಟಡವೂ ಇದೇ.

ಈ ಪಾರ್ಕಿನಲ್ಲಿ ಇನ್ನೊಂದು ಫಲಕವಿತ್ತು, ಈಗಿಲ್ಲ. ಬ್ರಿಟಿಷ್ ಜನರಲ್ ಜಾನ್ ಫೋರ್ಬ್ಸ್ 1758ರಲ್ಲಿ ಇಲ್ಲಿ ಪಡೆದ ಗೆಲುವು ಅಮೆರಿಕದಲ್ಲಿ ‘ಆಂಗ್ಲೊ-ಸ್ಯಾಕ್ಸನ್ ಪಾರಮ್ಯವನ್ನು ಸ್ಥಾಪಿಸಿತು’ ಎಂದು ಅದರಲ್ಲಿ ಬರೆದಿತ್ತು. ಪೆನ್ಸಿಲ್ವೇನಿಯಾದ ಐತಿಹಾಸಿಕ ಮತ್ತು ವಸ್ತುಸಂಗ್ರಹಾಲಯ ಆಯೋಗ ಅದನ್ನು ತೆಗೆಸಿತು. 2017ರಲ್ಲಿ ಬ್ರಿನ್ ಮಾರ್ ಕಾಲೇಜಿನ ಅಧ್ಯಕ್ಷರು ತಮ್ಮ ಆವರಣದ ಬಳಿಯಿದ್ದ ಹಿಂದಿನ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ಕುರಿತ ಫಲಕವನ್ನು ತೆಗೆಯಬೇಕೆಂದು ಕೇಳಿದ್ದರಿಂದ ಶುರುವಾದ ಪರಿಶೀಲನೆ ರಾಜ್ಯದ ಸುಮಾರು 2,500 ಫಲಕಗಳಿಗೂ ಹಬ್ಬಿತು. 131 ಫಲಕಗಳಿಗೆ ತಿದ್ದುಪಡಿ ಬೇಕಾಗಬಹುದು, ಅದರಲ್ಲಿ 18ಕ್ಕೆ ತುರ್ತಾಗಿ ಗಮನ ಕೊಡಬೇಕು ಎಂದು ಆಯೋಗ ಗುರುತಿಸಿತು. 2023ರ ಆರಂಭದ ಹೊತ್ತಿಗೆ ನಿಜವಾಗಿ ತೆಗೆದದ್ದು ಎರಡು, ತಿದ್ದಿದ್ದು ಎರಡು, ಹೊಸ ಪಠ್ಯಕ್ಕೆ ಆದೇಶವಾದದ್ದು ಇನ್ನೆರಡು. ಸುದ್ದಿಯಾದಾಗ ಎಬ್ಬಿಸಿದ ಗದ್ದಲಕ್ಕೆ ಹೋಲಿಸಿದರೆ ಇದು ಬಹಳ ಸಣ್ಣ ಲೆಕ್ಕ.

ಗದ್ದಲ ಎದ್ದದ್ದು ‘ಪಾರಮ್ಯ’ ಎಂಬ ಒಂದು ಪದದ ಮೇಲೆ. ನೋಯಿಸುವ ಪದ, ತೆಗೆಯಲಿ ಎಂದರು ಒಂದು ಕಡೆಯವರು. ಇತಿಹಾಸವನ್ನೇ ಅಳಿಸುತ್ತಿದ್ದೀರಿ ಎಂದರು ಇನ್ನೊಂದು ಕಡೆಯವರು. ಈ ಜಗ್ಗಾಟದಲ್ಲಿ ಯಾರೂ ಹೆಚ್ಚು ಕೇಳದ ಪ್ರಶ್ನೆ ಒಂದಿದೆ: ಫಲಕ ಹೇಳಿದ ಆ ‘ಗೆಲುವು’ ನಿಜವಾಗಿ ನಡೆಯಿತೆ? ನನ್ನ ಮಟ್ಟಿಗೆ ಇಡೀ ವಿವಾದದ ಗಂಟು ಇಲ್ಲಿದೆ. ಪಾರಮ್ಯದ ಪದವನ್ನು ಕಿತ್ತು ಉಳಿದ ವಾಕ್ಯವನ್ನು ಹಾಗೇ ಬಿಟ್ಟಿದ್ದರೂ ಆ ಫಲಕ ಸುಳ್ಳನ್ನೇ ಹೇಳುತ್ತಿತ್ತು.

1758ರ ವರ್ಷವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಹಾಯೊದ ನೆಲ ಯಾರದೆಂದು ಬ್ರಿಟಿಷರೂ ಫ್ರೆಂಚರೂ ಹೊಡೆದಾಡುತ್ತಿದ್ದ ಕಾಲ. ಡ್ಯುಕೇನ್ ಕೋಟೆ ಬ್ರಿಟಿಷರಿಗೆ ಮುಳ್ಳಾಗಿ ನಾಲ್ಕು ವರ್ಷವಾಗಿತ್ತು. 1755ರ ಜುಲೈ 9ರಂದು ಜನರಲ್ ಬ್ರಾಡಕ್‌ನ ದೊಡ್ಡ ಸೈನ್ಯ ಕೋಟೆ ಮುಟ್ಟುವ ಮೊದಲೇ ಮನಾಂಗಹೀಲಾದ ದಡದಲ್ಲಿ ನುಚ್ಚುನೂರಾಯಿತು, ಬ್ರಾಡಕ್ ಸತ್ತ. ಅಲ್ಲಿಂದ ಮುಂದೆ ಪೆನ್ಸಿಲ್ವೇನಿಯಾದ ಗಡಿಯ ಹಳ್ಳಿಗಳ ಮೇಲೆ ದಾಳಿ ಮೇಲೆ ದಾಳಿ. ಡೆಲವೇರ್ ಎಂದು ಇಂಗ್ಲಿಷರು ಕರೆಯುತ್ತಿದ್ದ ಲೆನಾಪೆ ಜನರ ನಾಯಕ ಶಿಂಗಾಸ್ ಇಂಥ ಹಲವು ದಾಳಿಗಳನ್ನು ತಾನೇ ನಡೆಸಿದ. ಹೆಂಗಸರು ಮಕ್ಕಳು ಸತ್ತರು, ಸೆರೆಯಾದರು. ಅದನ್ನು ಮರೆಮಾಚುವ ಅಗತ್ಯ ಯಾರಿಗೂ ಇಲ್ಲ. 1756ರಲ್ಲಿ ಪ್ರಾಂತದ ಸರಕಾರ ಲೆನಾಪೆಗಳ ಮೇಲೆ ಯುದ್ಧ ಸಾರಿ ತಲೆಚರ್ಮಕ್ಕೆ ಬೆಲೆ ಕಟ್ಟಿತು: ಹನ್ನೆರಡು ವರ್ಷ ದಾಟಿದ ಗಂಡಸಿನದಕ್ಕೆ 130 ಸ್ಪ್ಯಾನಿಷ್ ಡಾಲರ್, ಹೆಂಗಸಿನದಕ್ಕೆ 50. ಇದನ್ನೂ ಮರೆಮಾಚಬಾರದು.

ಲೆನಾಪೆಗಳು ಯಾಕೆ ಫ್ರೆಂಚರ ಕಡೆ ಹೋದರು? ಇಪ್ಪತ್ತು ವರ್ಷ ಹಿಂದಿನ ಒಂದು ಮೋಸ ಅದಕ್ಕೆ ಬೇರು. 1737ರಲ್ಲಿ, ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ನಡೆದಷ್ಟು ದೂರದ ಜಮೀನು ನಮ್ಮದೆಂಬ ಹಳೆಯ ಪತ್ರವೊಂದನ್ನು ಪೆನ್ಸಿಲ್ವೇನಿಯಾ ಪ್ರಾಂತದ ಒಡೆಯರಾಗಿದ್ದ ಪೆನ್ ಕುಟುಂಬದವರು ಮುಂದೆ ತಂದರು. ಆಮೇಲೆ ದಾರಿ ಮೊದಲೇ ಸವರಿಸಿಟ್ಟು, ಗಟ್ಟಿಕಾಲಿನ ಮೂವರನ್ನು ಆರಿಸಿ ಓಡುನಡಿಗೆಯಲ್ಲಿ ಬಿಟ್ಟರು. ಅವರಲ್ಲೊಬ್ಬ ಸುಮಾರು 65 ಮೈಲಿ ದಾಟಿದ. ‘ನಡಿಗೆಯ ಖರೀದಿ’ ಎಂದು ಅದಕ್ಕೆ ಹೆಸರಾಯಿತು. ನೆಲ ಕಳೆದುಕೊಂಡ ಲೆನಾಪೆಗಳು ಪಶ್ಚಿಮಕ್ಕೆ, ಒಹಾಯೊದ ಕಡೆಗೆ ಸರಿದರು. ಅಲ್ಲಿಗೂ ಕೋಟೆಗಳು ಬಂದವು.

ಫೋರ್ಬ್ಸ್ 1758ರಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರ ಸೈನ್ಯದೊಂದಿಗೆ ಬೆಡ್‌ಫರ್ಡ್, ಲಿಗೊನಿಯರ್ ಮೂಲಕ ಕಾಡು ಕಡಿದು ಹೊಸ ರಸ್ತೆ ಮಾಡಿಕೊಂಡು ಹೊರಟ. ದಾರಿಯುದ್ದಕ್ಕೂ ಒಂದೊಂದು ಕೋಟೆ ಕಟ್ಟುತ್ತ, ನಿಧಾನವಾಗಿ ಸಾಗಿದ. ತಾನೇ ರೋಗಿಯಾಗಿ ಎರಡು ಕುದುರೆಗಳ ನಡುವೆ ಕಟ್ಟಿದ ಡೋಲಿಯಲ್ಲಿ ಮಲಗಿ ಪಯಣಿಸಿದ. ಅವನ ಮುಂಚೂಣಿಯ ಒಂದು ತುಕಡಿ ಸೆಪ್ಟೆಂಬರ್ 14ರಂದು ಡ್ಯುಕೇನ್ ಮೇಲೆ ಏರಿಹೋಗಿ ಹೀನಾಯವಾಗಿ ಸೋತಿತು. ಕೋಟೆ ಅಂಚಿನಲ್ಲಿ ಆ ವರ್ಷ ಬ್ರಿಟಿಷರು ನಡೆಸಿದ ದೊಡ್ಡ ಕಾಳಗ ಎಂದರೆ ಅದೇ, ಅದರಲ್ಲಿ ಗೆದ್ದವರು ಫ್ರೆಂಚರು ಮತ್ತು ಅವರ ಜೊತೆಗಿದ್ದ ಮೂಲನಿವಾಸಿಗಳು.

ಕೋಟೆಯ ಹಣೆಬರಹ ತೀರ್ಮಾನವಾದದ್ದು ಅಲ್ಲಿಂದ ಬಹುದೂರ ಪೂರ್ವದಲ್ಲಿ, ಈಸ್ಟನ್ ಎಂಬ ಊರಿನಲ್ಲಿ. ಅಕ್ಟೋಬರಿನಲ್ಲಿ ಅಲ್ಲಿ ಹದಿಮೂರು ಮೂಲನಿವಾಸಿ ಜನಾಂಗಗಳ ಐನೂರಕ್ಕೂ ಹೆಚ್ಚು ಜನ ಸೇರಿದರು. ಪ್ರಾಂತದ ಕಡೆಯಿಂದ ಗವರ್ನರ್ ಡೆನ್ನಿ ಕೂತ. ವಾರಗಟ್ಟಲೆ ಮಾತು ನಡೆದು, ಅಲಿಗೇನಿ ಬೆಟ್ಟಸಾಲಿನ ಪಶ್ಚಿಮಕ್ಕೆ 1754ರಲ್ಲಿ ಕೊಂಡಿದ್ದ ನೆಲವನ್ನು ಪೆನ್ ಕುಟುಂಬ ಹಿಂದಿರುಗಿಸುವುದೆಂದೂ, ಬೆಟ್ಟದಾಚೆ ಬಿಳಿಯರು ಬೀಡುಬಿಡುವುದಿಲ್ಲವೆಂದೂ ಮಾತಾಯಿತು. ಆ ಮಾತನ್ನು ಒಹಾಯೊದ ಹಳ್ಳಿಗಳಿಗೆ ಹೊತ್ತವನು ಕ್ರಿಶ್ಚಿಯನ್ ಫ್ರೆಡರಿಕ್ ಪೋಸ್ಟ್ ಎಂಬ, ಮೊರೇವಿಯನ್ ಎನ್ನುವ ಪ್ರಾಟೆಸ್ಟಂಟ್ ಪಂಥದ ಮಿಷನರಿ. ಲೆನಾಪೆ ನಾಯಕ ಪಿಸ್ಕ್ವೆಟೊಮೆನ್ ಅವನ ಜೊತೆಗಿದ್ದ. ಅದೇ ವರ್ಷದ ಬೇಸಿಗೆ ಕೊನೆಯಲ್ಲಿ ಪೋಸ್ಟ್ ಮೊದಲ ಸಲ ಹೋಗಿದ್ದಾಗ ಲೆನಾಪೆ ನಾಯಕರು ಅವನನ್ನು ಕೇಳಿದ್ದು ಅವನ ದಿನಚರಿಯಲ್ಲಿದೆ: ನೀವೂ ಫ್ರೆಂಚರೂ ನಿಮ್ಮ ಹಳೆಯ ದೇಶದಲ್ಲೋ ಸಮುದ್ರದ ಮೇಲೋ ಯಾಕೆ ಹೊಡೆದಾಡಬಾರದು, ನಮ್ಮ ನೆಲಕ್ಕೆ ಬಂದು ಯಾಕೆ ಹೊಡೆದಾಡುತ್ತೀರಿ ಎಂದು.

ಈಸ್ಟನ್ನಿನ ಮಾತು ತಲುಪಿದಾಗ ಒಹಾಯೊದ ಜನ ಫ್ರೆಂಚರ ಕೈ ಬಿಟ್ಟರು. ಫ್ರೆಂಚರಿಗೆ ಸರಕು ಬರುವ ದಾರಿಯೂ ಅಷ್ಟರಲ್ಲಿ ಕಡಿದಿತ್ತು. ಲೇಕ್ ಒಂಟಾರಿಯೊ ದಡದ ಫೋರ್ಟ್ ಫ್ರಾಂಟೆನಾಕ್ ಆಗಸ್ಟಿನಲ್ಲೇ ಬ್ರಿಟಿಷರ ವಶವಾಗಿತ್ತು. ಉಣ್ಣಲು ಸಾಲದು, ಜೊತೆಗೆ ನಿಲ್ಲುವವರಿಲ್ಲ, ಎದುರಿಗೆ ಫೋರ್ಬ್ಸ್ ಬರುತ್ತಿದ್ದಾನೆ. ನವೆಂಬರ್ 24ರಂದು ಅವರು ತಾವೇ ಕೋಟೆಗೆ ಬೆಂಕಿಯಿಟ್ಟು, ದೋಣಿ ಹತ್ತಿ ಹೋದರು. ಮರುದಿನ ಫೋರ್ಬ್ಸ್‌ನ ಸೈನ್ಯ ಬಂದಾಗ ಅಲ್ಲಿದ್ದದ್ದು ಹೊಗೆಯಾಡುವ ತೊಲೆಗಳು. ನವೆಂಬರ್ 27ರ ಪತ್ರದಲ್ಲಿ ಆ ಜಾಗಕ್ಕೆ ಬ್ರಿಟಿಷ್ ಮಂತ್ರಿ ವಿಲಿಯಂ ಪಿಟ್‌ನ ಹೆಸರಿಟ್ಟಿದ್ದೇನೆಂದು ಫೋರ್ಬ್ಸ್ ಬರೆದ. ಮುಂದಿನ ಮಾರ್ಚಿನಲ್ಲಿ ಫಿಲಡೆಲ್ಫಿಯಾದಲ್ಲಿ ತೀರಿಕೊಂಡ.

ಫೋರ್ಬ್ಸ್‌ಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಮೂಲನಿವಾಸಿಗಳನ್ನು ಫ್ರೆಂಚರಿಂದ ಬಿಡಿಸದೆ ಈ ಕೋಟೆ ಕೈಗೆ ಬರುವುದಿಲ್ಲವೆಂದು ಅರಿತು, ಮಾತುಕತೆ ನಡೆಸಿ ಎಂದು ಪ್ರಾಂತದ ಬೆನ್ನು ಹತ್ತಿದವನೇ ಅವನು. ಅವನ ಹೆಸರಿನಲ್ಲಿ ನೆಟ್ಟ ಫಲಕ ಅವನ ಅತ್ಯಂತ ಜಾಣ ನಡೆಯನ್ನೇ ಬಿಟ್ಟು, ನಡೆಯದ ಕಾಳಗವೊಂದರ ಗೆಲುವನ್ನು ಅವನಿಗೆ ಕೊಟ್ಟಿತು. ಇನ್ನು ‘ಆಂಗ್ಲೊ-ಸ್ಯಾಕ್ಸನ್’. ಫೋರ್ಬ್ಸ್ ಸ್ಕಾಟ್ಲೆಂಡಿನವನು. ಅವನ ಬಲಗೈಯಾಗಿದ್ದ ಬೂಕೇ ಸ್ವಿಟ್ಜರ್ಲೆಂಡಿನವನು. ಸೈನ್ಯದಲ್ಲಿ ಸ್ಕಾಟಿಷ್ ಹೈಲ್ಯಾಂಡರುಗಳ ದಳವಿತ್ತು, ಜರ್ಮನ್ನರು ತುಂಬಿದ್ದ ರಾಯಲ್ ಅಮೆರಿಕನ್ ದಳವಿತ್ತು, ಕೆಲಕಾಲ ಚೆರೊಕೀ ಮತ್ತು ಕಟಾಬಾ ಯೋಧರೂ ಇದ್ದರು. ಹೀಗಿರುವಾಗ ಆ ಪದ ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯದರ ಆರಂಭದಲ್ಲಿ ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆಗಳಿಗೆ ಸ್ಲೊವಾಕರು, ಪೋಲರು, ಇಟಲಿಯವರು, ದಕ್ಷಿಣದ ಕಪ್ಪುಜನ ಸಾವಿರಗಟ್ಟಲೆ ಬಂದರು. ಹೊರಗಿನವರು ಬರುತ್ತಿದ್ದಾರೆಂಬ ಕಳವಳದಲ್ಲಿ ಹಳಬರು ಆಗ ಎಲ್ಲೆಲ್ಲೂ ಬಳಸುತ್ತಿದ್ದ ಪದ ಅದು. 1924ರ ವಲಸೆ ನಿರ್ಬಂಧ ಕಾನೂನು ಬಂದದ್ದೂ ಅದೇ ಕಳವಳದಿಂದ. ಹಾಗಾಗಿ ಆ ವಾಕ್ಯ 1758ರ ಬಗ್ಗೆ ಹೇಳುವುದಕ್ಕಿಂತ ಅದನ್ನು ಬರೆದವರ ಕಾಲದ ಬಗ್ಗೆ ಹೆಚ್ಚು ಹೇಳುತ್ತದೆ.

ಶಾಸನ ಓದುವವರಿಗೆ ಇದು ಹೊಸ ಸಂಗತಿಯೇನಲ್ಲ. ಕಲ್ಲು ಸಿಕ್ಕಿತೆಂದರೆ ಅವರು ಮೊದಲು ಕೇಳುವುದು ಯಾರು ಬರೆಸಿದ್ದು, ಯಾವಾಗ, ಯಾರ ಆಳ್ವಿಕೆಯಲ್ಲಿ ಎಂದು. ತುರುಗಾಳಗದಲ್ಲಿ ಸತ್ತವನ ವೀರಗಲ್ಲನ್ನು ನಿಲ್ಲಿಸುವುದು ಅವನ ಊರಿನವರು. ಹಸು ಹೊಡೆದುಕೊಂಡು ಹೋಗಲು ಬಂದವರ ಕಡೆ ಸತ್ತವನಿಗೆ ಆ ಊರಿನಲ್ಲಿ ಕಲ್ಲಿಲ್ಲ. ಓದುವವನಿಗೆ ಅದು ಗೊತ್ತಿರುತ್ತದೆ, ಗೊತ್ತಿಟ್ಟುಕೊಂಡೇ ಓದುತ್ತಾನೆ. ರಸ್ತೆಬದಿಯ ಸರಕಾರಿ ಫಲಕದ ತೊಡಕು ಏನೆಂದರೆ, ಅದನ್ನು ಜನ ಹಾಗೆ ಓದುವುದಿಲ್ಲ. ಅದಕ್ಕೆ ಮೈಲಿಗಲ್ಲಿನ ಮರ್ಯಾದೆ. ‘ಲಿಗೊನಿಯರ್ 10 ಮೈಲಿ’ ಎಂಬ ಬೋರ್ಡನ್ನು ಯಾರು ಅನುಮಾನಿಸುತ್ತಾರೆ? ಪಕ್ಕದಲ್ಲೇ ಅದೇ ಬಗೆಯ ಕಂಬದ ಮೇಲಿರುವ ಇತಿಹಾಸವನ್ನೂ ಅಷ್ಟೇ ನಂಬುತ್ತಾರೆ.

ಈ ಫಲಕಗಳು ಕಾರಿನ ಜೊತೆ ಹುಟ್ಟಿದವು. 1920ರ ದಶಕದಲ್ಲಿ ವರ್ಜೀನಿಯಾ ಶುರುಮಾಡಿತು. ಹೊಸ ಹೆದ್ದಾರಿಗಳಲ್ಲಿ ಊರು ಸುತ್ತುವ ಜನ ನಿಂತು ಓದಲಿ ಎಂದು. ಪೆನ್ಸಿಲ್ವೇನಿಯಾದ ಈಗಿನ ನೀಲಿ ಬಣ್ಣ, ಹಳದಿ ಅಕ್ಷರದ ಅಲ್ಯೂಮಿನಿಯಂ ಎರಕದ ಫಲಕಗಳು 1946ರಿಂದ ಬಂದವು. ಅಮೆರಿಕದ ಹಲವು ರಾಜ್ಯಗಳಿಗೆ ಇಂಥ ಫಲಕ ಎರಕ ಹೊಯ್ಯುವ ಒಂದು ಕಾರ್ಖಾನೆ ಇದೇ ಒಹಾಯೊ ನದಿಯ ದಂಡೆಯ ಮ್ಯಾರಿಯೆಟಾದಲ್ಲಿದೆ. ಊರೊಳಗಿನ ಫಲಕದಲ್ಲಿ ಅಕ್ಷರ ಸಣ್ಣದು, ಪಠ್ಯ ಜಾಸ್ತಿ. ಹೆದ್ದಾರಿಯ ಬದಿಯದಕ್ಕೆ ಅಕ್ಷರ ದೊಡ್ಡದು, ಪಠ್ಯ ಅರ್ಧಕ್ಕೂ ಕಡಿಮೆ. ಫೋರ್ಬ್ಸ್ ಕಡಿದ ದಾರಿಯನ್ನು ಬಹುಮಟ್ಟಿಗೆ ಅನುಸರಿಸುವ ರೂಟ್ 30ರಲ್ಲಿ ಇಂಥ ಫಲಕಗಳು ಸಾಲಾಗಿ ಸಿಗುತ್ತವೆ. ಬೆಡ್‌ಫರ್ಡಿನಿಂದ ಪಶ್ಚಿಮಕ್ಕೆ ಬೆಟ್ಟ ಹತ್ತುತ್ತ ಕಾರಿನಿಂದಲೇ ಓದಲು ನೋಡಿದ್ದೇನೆ. ಶೀರ್ಷಿಕೆ ಸಿಗುತ್ತದೆ, ಮೊದಲ ಸಾಲು ಅರ್ಧ ಸಿಗುತ್ತದೆ, ಅಷ್ಟರಲ್ಲಿ ಕನ್ನಡಿಯಲ್ಲಿ ಕಂಬದ ಬೆನ್ನು. ಕೋಟೆ, ಇಸವಿ, ಒಬ್ಬ ಅಧಿಕಾರಿಯ ಹೆಸರು, ‘ಇಂಡಿಯನ್ ದಾಳಿ’ (ಮೂಲನಿವಾಸಿಗಳನ್ನು ಅಲ್ಲಿ ಇಂಡಿಯನ್ನರೆಂದೇ ಕರೆಯುತ್ತಿದ್ದರು): ಇಷ್ಟು ತಲೆಯಲ್ಲಿ ಉಳಿಯುತ್ತದೆ.

ಹೀಗೆ ಇಕ್ಕಟ್ಟಿನಲ್ಲಿ ಬರೆದ ವಾಕ್ಯಗಳಲ್ಲಿ ಕರ್ತೃ ಯಾರು, ಕರ್ಮ ಯಾರು ಎಂಬುದೇ ಇತಿಹಾಸವಾಗಿಬಿಡುತ್ತದೆ. ಗಡಿಕೋಟೆಗಳ ಹಳೆಯ ಬರಹಗಳಲ್ಲಿ ಒಂದು ಅಚ್ಚು ಬಹಳ ಸಾಮಾನ್ಯ: ‘ವಲಸಿಗರನ್ನು ಇಂಡಿಯನ್ನರ ದಾಳಿಯಿಂದ ಕಾಪಾಡಲು ಕಟ್ಟಿದ ಕೋಟೆ’. ಇದರಲ್ಲಿ ವಲಸಿಗರು ಮೊದಲೇ ಅಲ್ಲಿದ್ದಾರೆ. ಇಂಡಿಯನ್ನರು ಎಲ್ಲಿಂದಲೋ ಬರುತ್ತಾರೆ. ನೆಲದ ಮೇಲೆ ನಡೆದದ್ದು ತಿರುವುಮುರುವು. ‘ಗಡಿ’ ಎಂಬ ಪದವೂ ಅಷ್ಟೇ. ಫಿಲಡೆಲ್ಫಿಯಾದಲ್ಲಿ ಕೂತವನಿಗೆ ಪಾಯಿಂಟ್ ಗಡಿ. ಶಿಂಗಾಸ್‌ನಿಗೂ ಅವನ ಅಣ್ಣತಮ್ಮಂದಿರಾದ ಪಿಸ್ಕ್ವೆಟೊಮೆನ್, ತಮಾಕ್ವಾ ಅವರಿಗೂ ಅದು ಮನೆಯಂಗಳ.

ನಮ್ಮಲ್ಲೇ ಇದರ ನೇರ ನೆಂಟಸ್ತಿಕೆಯ ಉದಾಹರಣೆಯಿದೆ. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕನ್ನರಿಗೆ ಶರಣಾದ ಕಾರ್ನ್‌ವಾಲಿಸ್ ಹತ್ತು ವರ್ಷದಲ್ಲಿ ಬೆಂಗಳೂರಿನ ಕೋಟೆಯ ಮುಂದಿದ್ದ. ಕೃಷ್ಣರಾಜ ಮಾರುಕಟ್ಟೆಯ ಪಕ್ಕ ಉಳಿದಿರುವ ಕೋಟೆಗೋಡೆಯಲ್ಲಿ ಒಂದು ಕಲ್ಲಿದೆ: ಈ ಬಿರುಕಿನ ಮೂಲಕ ಬ್ರಿಟಿಷರ ದಾಳಿ ನಡೆಯಿತು, ಮಾರ್ಚ್ 21, 1791 ಎಂದು ಇಂಗ್ಲಿಷಿನಲ್ಲಿ ಕೆತ್ತಿದೆ. ಸುಳ್ಳೇನೂ ಇಲ್ಲ. ಆದರೆ ಆ ಬಿರುಕಿನ ಒಳಗಡೆ ನಿಂತು ಕಾದಾಡಿ ಅದೇ ರಾತ್ರಿ ಸತ್ತ ಟಿಪ್ಪುವಿನ ಕಿಲ್ಲೇದಾರ ಬಹಾದುರ್ ಖಾನ್‌ನ ಹೆಸರು ಆ ಕಲ್ಲಿನಲ್ಲಿಲ್ಲ. ಗೋಡೆ ತನ್ನಷ್ಟಕ್ಕೆ ಒಡೆದಂತೆ, ಒಳಗೆ ಯಾರೂ ಇರಲಿಲ್ಲವೆಂಬಂತೆ ಓದಿಸಿಕೊಳ್ಳುತ್ತದೆ. ಅದೇ ಯುದ್ಧದಲ್ಲಿ ಮಡಿದ ಬ್ರಿಟಿಷ್ ಕಡೆಯವರಿಗೆ ಕಟ್ಟಿದ್ದ ಸೆನೊಟಾಫ್ ಸ್ತಂಭವನ್ನು 1964ರಲ್ಲಿ ಕಾರ್ಪೊರೇಷನ್ ಬಳಿಯಿಂದ ಕೆಡವಿದರು. ಕೆಡವಿದ್ದರಿಂದ ಬಹಾದುರ್ ಖಾನ್‌ನ ಹೆಸರು ಯಾರಿಗಾದರೂ ಗೊತ್ತಾಯಿತೆ? ಫಲಕ ಕಿತ್ತರೆ ಸಾಕು ಎನ್ನುವವರ ಜೊತೆ ನಾನು ಪೂರ್ತಿ ಒಪ್ಪದಿರುವುದು ಈ ಕಾರಣಕ್ಕೆ. ಪಾಯಿಂಟ್‌ನಲ್ಲಿ ಸುಳ್ಳು ಹೋಯಿತು, ಒಳ್ಳೆಯದೇ. ಈಸ್ಟನ್ನಿನ ಮಾತು ಮಾತ್ರ ಅಷ್ಟರಿಂದಲೇ ಯಾರಿಗೂ ತಿಳಿಯುವುದಿಲ್ಲ.

ತಿದ್ದಿ ಬರೆಯುವವರಿಗೂ ಅಷ್ಟೇ ಬಿಗಿ ಬೇಕು. ಫೋರ್ಟ್ ಪಿಟ್ ಎಂದೊಡನೆ ಇವತ್ತು ಅನೇಕರು ಹೇಳುವುದು ಸಿಡುಬಿನ ಕಂಬಳಿಯ ಕಥೆ. 1763ರಲ್ಲಿ ಲೆನಾಪೆ, ಶಾನೀ ಮತ್ತಿತರರು ಕೋಟೆಯನ್ನು ಸುತ್ತುವರಿದಿದ್ದರು. ಒಳಗೆ ಸಿಡುಬು ಎದ್ದಿತ್ತು. ಜೂನ್ 24ರಂದು ಮಾತಿಗೆ ಬಂದ ಇಬ್ಬರು ಲೆನಾಪೆ ದೂತರಿಗೆ ಸಿಡುಬಿನ ಆಸ್ಪತ್ರೆಯಿಂದ ಎರಡು ಕಂಬಳಿ, ಒಂದು ಕರವಸ್ತ್ರ ಕೊಟ್ಟೆವು, ಬಯಸಿದ ಪರಿಣಾಮವಾಗಲಿ ಎಂದು ಆಶಿಸುತ್ತೇನೆ ಎಂದು ವ್ಯಾಪಾರಿ ವಿಲಿಯಂ ಟ್ರೆಂಟ್ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಆಸ್ಪತ್ರೆಯವರಿಂದ ತೆಗೆದುಕೊಂಡ ಆ ಬಟ್ಟೆಗಳ ಬದಲಿಗೆ ಬಿಲ್ಲೂ ಆಯಿತು: ಎರಡು ಕಂಬಳಿ, ಒಂದು ರೇಷ್ಮೆ, ಒಂದು ನಾರುಬಟ್ಟೆಯ ಕರವಸ್ತ್ರ, ಒಟ್ಟು 2 ಪೌಂಡ್ 13 ಶಿಲಿಂಗ್ 6 ಪೆನ್ಸ್. ಇಂಡಿಯನ್ನರಿಗೆ ಸಿಡುಬು ದಾಟಿಸಲು ಎಂದು ಆ ಬಿಲ್ಲಿನಲ್ಲೇ ಕಾರಣ ಬರೆದಿತ್ತು. ಸೇನೆ ಹಣ ಮಂಜೂರು ಮಾಡಿತು. ಓದಿದಾಗ ಮೈ ಜುಮ್ಮೆನ್ನುತ್ತದೆ, ಎಷ್ಟು ಸಲ ಓದಿದರೂ.

ಆದರೆ ಜನಜನಿತ ಕಥೆಯಲ್ಲಿ ಇದನ್ನು ಮಾಡಿಸಿದವನು ಅಮೆರಿಕದಲ್ಲಿದ್ದ ಬ್ರಿಟಿಷ್ ಸೇನೆಯ ಮುಖ್ಯಸ್ಥ ಜನರಲ್ ಆಮ್‌ಹರ್ಸ್ಟ್. ಆಮ್‌ಹರ್ಸ್ಟ್ ಬೂಕೇಗೆ ಇಂಥ ಸಲಹೆ ಬರೆದದ್ದು ನಿಜ, ಅದು ಜುಲೈನಲ್ಲಿ. ಕೋಟೆಯವರು ಅದಕ್ಕೂ ಮೊದಲೇ, ಕ್ಯಾಪ್ಟನ್ ಸಿಮಿಯನ್ ಎಕ್ಯುಯೆ ಅಧಿಕಾರದಲ್ಲಿದ್ದಾಗ, ತಾವಾಗಿಯೇ ಮಾಡಿ ಮುಗಿಸಿದ್ದರು. ಆ ಕಂಬಳಿಗಳಿಂದ ಎಷ್ಟು ಜನ ಸತ್ತರೆಂದು ಹೇಳಲು ದಾಖಲೆಯಿಲ್ಲ. ಸಿಡುಬು ಆ ಹೊತ್ತಿಗಾಗಲೇ ಒಹಾಯೊದ ಹಳ್ಳಿಗಳಲ್ಲಿ ಓಡಾಡುತ್ತಿತ್ತು. ಉದ್ದೇಶಕ್ಕೆ ಸಾಕ್ಷಿಯಿದೆ, ಫಲಿತಾಂಶಕ್ಕಿಲ್ಲ. ಫಲಕದಲ್ಲಿ ಉದ್ದೇಶವನ್ನು, ಬಿಲ್ಲನ್ನು ಬರೆಯಿರಿ. ಸತ್ತವರ ಸಂಖ್ಯೆ ಬರೆಯಬೇಡಿ. ಆಂಗ್ಲೊ-ಸ್ಯಾಕ್ಸನ್ ಫಲಕಕ್ಕೆ ಹಿಡಿದ ಒರೆಗಲ್ಲನ್ನೇ ನಮಗೆ ಪ್ರಿಯವಾದ ಮಾತಿಗೂ ಹಿಡಿಯಬೇಕಲ್ಲ.

ಇಷ್ಟು ತಡವಾಗಿ ಯಾಕೆ ಎಚ್ಚರವಾಯಿತು ಎಂದರೆ, ಆಕ್ಷೇಪಿಸಬೇಕಾದವರು ಅಲ್ಲಿರಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಇವತ್ತು ಕೇಂದ್ರವಾಗಲಿ ರಾಜ್ಯವಾಗಲಿ ಮಾನ್ಯ ಮಾಡಿದ ಮೂಲನಿವಾಸಿ ಜನಾಂಗ ಒಂದೂ ಇಲ್ಲ. ಲೆನಾಪೆಗಳ ಕಚೇರಿಗಳು ಇರುವುದು ಒಕ್ಲಹೋಮಾದ ಬಾರ್ಟಲ್ಸ್‌ವಿಲ್ ಮತ್ತು ಅನಡಾರ್ಕೊದಲ್ಲಿ. ಉಳಿದವರು ವಿಸ್ಕಾನ್ಸಿನ್, ಕೆನಡಾದ ಒಂಟಾರಿಯೊದಲ್ಲಿ. ಚೆಸ್ಟರ್ ಕೌಂಟಿಯಲ್ಲಿ ‘ಇಂಡಿಯನ್ ಹ್ಯಾನಾ’ ಎಂದು ಹೆಸರಾದ ಹ್ಯಾನಾ ಫ್ರೀಮನ್ 1802ರಲ್ಲಿ ತೀರಿಕೊಂಡಳು. ಆಕೆಯ ಕಲ್ಲಿನಲ್ಲಿ ಕೌಂಟಿಯ ಕೊನೆಯ ಇಂಡಿಯನ್ ಎಂದಿದೆ. ‘ಕೊನೆಯವಳು’ ಎಂದುಬಿಟ್ಟರೆ ಮುಂದೆ ಯಾರನ್ನೂ ಕೇಳಬೇಕಾದ ಪ್ರಮೇಯವೇ ಇಲ್ಲ. ಆ ಒಂದು ಪದದ ಹಿಂದೆ ಸಾವಿರ ಮೈಲಿ ಆಚೆ ಬದುಕಿರುವ ಜನರ ಊರುಗಳು ಮುಚ್ಚಿಹೋಗುತ್ತವೆ.

ಈಗ ಗಾಳಿ ಮತ್ತೆ ತಿರುಗಿದೆ. ರಾಜ್ಯದ ಆಯೋಗದ ಕೆಲಸಕ್ಕೂ ಕೇಂದ್ರದ ನಡೆಗೂ ನೇರ ಸಂಬಂಧವಿಲ್ಲ, ಆದರೂ ಒಂದರ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. 2025ರ ಮಾರ್ಚ್ 27ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ, ಕೇಂದ್ರದ ಅಧೀನದಲ್ಲಿರುವ ಸ್ಮಾರಕಗಳಲ್ಲಿ ಹಿಂದಿನ ಅಥವಾ ಇಂದಿನ ಅಮೆರಿಕನ್ನರನ್ನು ಅನುಚಿತವಾಗಿ ಹೀಗಳೆಯುವ ಬರಹ ಇರಬಾರದು ಎಂದಿತು. ಅದರ ಬೆನ್ನಿಗೆ ರಾಷ್ಟ್ರೀಯ ಉದ್ಯಾನಗಳಲ್ಲಿ ಕ್ಯೂಆರ್ ಕೋಡ್ ಇರುವ ಸೂಚನಾಫಲಕ ಹಾಕಿ, ಅಂಥ ಬರಹ ಕಂಡರೆ ತಿಳಿಸಿ ಎಂದು ಪ್ರವಾಸಿಗರನ್ನೇ ಕೇಳಲಾಯಿತು. ಜಾರ್ಜ್ ವಾಷಿಂಗ್ಟನ್ 1754ರಲ್ಲಿ ಫ್ರೆಂಚರಿಗೆ ಶರಣಾದ ಫೋರ್ಟ್ ನೆಸೆಸಿಟಿ ಪಾಯಿಂಟ್‌ನಿಂದ ಹೆಚ್ಚು ದೂರವಿಲ್ಲ; ಅದು ಕೇಂದ್ರದ ಉದ್ಯಾನ. 2026ರ ಜನವರಿಯಲ್ಲಿ ಫಿಲಡೆಲ್ಫಿಯಾದ ಪ್ರೆಸಿಡೆಂಟ್ಸ್ ಹೌಸ್‌ನಲ್ಲಿ, ಎಂದರೆ ವಾಷಿಂಗ್ಟನ್ ಅಧ್ಯಕ್ಷನಾಗಿದ್ದಾಗ ವಾಸವಿದ್ದ ಮನೆಯ ಜಾಗದಲ್ಲಿ, ಅವನು ಇಟ್ಟುಕೊಂಡಿದ್ದ ಗುಲಾಮರ ಕುರಿತ ಫಲಕಗಳನ್ನು ಕಳಚಲಾಯಿತು. ನಗರಾಡಳಿತ ಕೋರ್ಟಿನ ಮೆಟ್ಟಿಲೇರಿತು.

ಎರಡೂ ಕಡೆ ಫಲಕ ತೆಗೆದರು, ಹಾಗಾಗಿ ಎರಡೂ ಒಂದೇ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆಯೋಗದ ಪರಿಶೀಲನೆ ಕೇಳಿದ ಮೊದಲ ಪ್ರಶ್ನೆ ಬರೆದದ್ದು ಸರಿಯಿದೆಯೆ, ಹಿನ್ನೆಲೆ ಸಾಲದೇ ಹೋಯಿತೆ ಎಂದು. ಆದೇಶದ ಒರೆಗಲ್ಲು ಮನಸ್ಸಿಗೆ ಹೇಗನ್ನಿಸುತ್ತದೆ ಎಂಬುದು. ಪ್ರೆಸಿಡೆಂಟ್ಸ್ ಹೌಸ್‌ನ ಗುಲಾಮರು ಇದ್ದದ್ದು ದಾಖಲಾದ ಸತ್ಯ. ಡ್ಯುಕೇನ್‌ನಲ್ಲಿ ಫೋರ್ಬ್ಸ್‌ನ ಯುದ್ಧವಿಜಯ ನಡೆದೇ ಇಲ್ಲ. ಇನ್ನೊಂದು ಮಾತು. ‘ಹಿಂದಿನ ಅಮೆರಿಕನ್ನರು’ ಎಂಬ ಮಾತಿನೊಳಗೆ ಶಿಂಗಾಸ್ ಬರುತ್ತಾನೆಯೆ, ಇಲ್ಲವೆ? ಬರುವುದಾದರೆ ಅವನ ಜನರನ್ನು ಕಾಡುಜನರೆಂದು ಕರೆದ ಎಷ್ಟು ಹಳೆಯ ಕಲ್ಲುಗಳನ್ನು ಆ ಆದೇಶದ ಪ್ರಕಾರವೇ ತಿದ್ದಬೇಕಾಗುತ್ತದೆ!

ಈಸ್ಟನ್ನಿನ ಮಾತು ಏನಾಯಿತು? ಫ್ರೆಂಚರು ಹೋದರಲ್ಲ, ಇನ್ನು ನೀವು ಬೆಟ್ಟ ದಾಟಿ ಹಿಂದಕ್ಕೆ ಹೋಗಿ ಎಂದು ಲೆನಾಪೆಗಳು ಅದೇ ಚಳಿಗಾಲದಲ್ಲಿ ಕೇಳಿದರು. ಬ್ರಿಟಿಷರು ಹೋಗಲಿಲ್ಲ. 1759ರಲ್ಲಿ ಡ್ಯುಕೇನ್‌ಗಿಂತ ಎಷ್ಟೋ ಪಟ್ಟು ದೊಡ್ಡದಾದ ಫೋರ್ಟ್ ಪಿಟ್‌ನ ಕೆಲಸ ಶುರುವಾಯಿತು. 1763ರಲ್ಲಿ ಅದನ್ನು ಸುತ್ತುವರಿದವರು ಕೇಳಿದ್ದೂ ಇದನ್ನೇ. ಆ ವರ್ಷ ಅಕ್ಟೋಬರ್ 7ರ ರಾಜಘೋಷಣೆ ಬೆಟ್ಟದಾಚೆಯ ನೆಲ ಮೂಲನಿವಾಸಿಗಳಿಗೇ ಎಂದು ಮತ್ತೊಮ್ಮೆ ಹೇಳಿತು. 1768ರ ಫೋರ್ಟ್ ಸ್ಟ್ಯಾನ್ವಿಕ್ಸ್ ಒಪ್ಪಂದ ಅದನ್ನೂ ಸಡಿಲಿಸಿತು. ಅಷ್ಟು ರಕ್ತ ಹರಿಸಿದ ಕೋಟೆಯನ್ನು 1772ರಲ್ಲಿ ಬ್ರಿಟಿಷರು ಸಾಮಾನು ಸಮೇತ 50 ಪೌಂಡಿಗೆ ಮಾರಿ ಹೊರಟರು. 1778ರ ಸೆಪ್ಟೆಂಬರ್ 17ರಂದು ಅದೇ ಕೋಟೆಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಮೂಲನಿವಾಸಿ ಜನಾಂಗದೊಂದಿಗೆ ತನ್ನ ಮೊದಲ ಲಿಖಿತ ಒಪ್ಪಂದ ಮಾಡಿಕೊಂಡಿತು, ಲೆನಾಪೆಗಳ ಜೊತೆ. ಅವರು ಮುಂದೆ ತಮ್ಮದೇ ರಾಜ್ಯ ಕಟ್ಟಿಕೊಂಡು ಕಾಂಗ್ರೆಸ್ಸಿಗೆ ಪ್ರತಿನಿಧಿ ಕಳಿಸಬಹುದೆಂಬ ಮಾತು ಅದರ ಆರನೆಯ ಕಲಮಿನಲ್ಲಿದೆ. ಸಹಿ ಮಾಡಿದ ನಾಯಕ ವೈಟ್ ಐಸ್ ಎರಡು ತಿಂಗಳಲ್ಲಿ ಸತ್ತ. ಸಿಡುಬಿನಿಂದ ಎಂದು ಸೇನೆ ಹೇಳಿತು; ಕೊಲೆ ಎಂದು ಇಂಡಿಯನ್ ವ್ಯವಹಾರಗಳ ಅಧಿಕಾರಿಯಾಗಿದ್ದ ಜಾರ್ಜ್ ಮಾರ್ಗನ್ ನಂತರ ಬರೆದ.

ಇದೆಲ್ಲ ಒಂದು ಫಲಕದಲ್ಲಿ ಹಿಡಿಯುವುದಿಲ್ಲ ಎನ್ನುವ ಆಕ್ಷೇಪ ಸರಿಯೇ. ಎಲ್ಲ ಹಿಡಿಸಬೇಕಾಗಿಲ್ಲ. ಕೋಟೆ ಯಾಕೆ ಬಿತ್ತು ಎಂಬಷ್ಟನ್ನು ಹೇಳಲು ಇಷ್ಟು ಸಾಕೆಂದು ನನಗೆ ತೋರುತ್ತದೆ:

‘ಫೋರ್ಟ್ ಡ್ಯುಕೇನ್. ಮೂಲನಿವಾಸಿಗಳ ನೆಲದಲ್ಲಿ ಫ್ರೆಂಚರು 1754ರಲ್ಲಿ ಕಟ್ಟಿದ ಕೋಟೆ. ಬೆಟ್ಟದಾಚೆ ನೆಲೆಸುವುದಿಲ್ಲವೆಂದು 1758ರ ಅಕ್ಟೋಬರಿನಲ್ಲಿ ಈಸ್ಟನ್‌ನಲ್ಲಿ ಬ್ರಿಟಿಷರ ಕಡೆಯಿಂದ ಮಾತು ಸಿಕ್ಕ ಮೇಲೆ ಲೆನಾಪೆ, ಶಾನೀ ಜನ ಫ್ರೆಂಚರನ್ನು ಬಿಟ್ಟರು. ಸರಕೂ ಮಿತ್ರರೂ ಇಲ್ಲದಾದ ಫ್ರೆಂಚರು ನವೆಂಬರ್ 24ರಂದು ಕೋಟೆ ಸುಟ್ಟು ಹೋದರು. ಮರುದಿನ ಜನರಲ್ ಫೋರ್ಬ್ಸ್ ಬಂದ. ಕೊಟ್ಟ ಮಾತು ಉಳಿಯಲಿಲ್ಲ. 1759ರಲ್ಲಿ ಇಲ್ಲೇ ಫೋರ್ಟ್ ಪಿಟ್ ಎದ್ದಿತು.’

ಹೆದ್ದಾರಿಯ ದೊಡ್ಡ ಅಕ್ಷರಕ್ಕೆ ಇದು ಜಾಸ್ತಿಯಾದೀತು. ಪಾರ್ಕಿನೊಳಗೆ, ನಿಂತು ಓದುವವರಿಗೆ, ಹಿಡಿಯುತ್ತದೆ. ಅಚ್ಚಿಗೆ ಹೋಗುವ ಮೊದಲು ಕರಡು ಬಾರ್ಟಲ್ಸ್‌ವಿಲ್‌ಗೂ ಅನಡಾರ್ಕೊಗೂ ಹೋಗಿ ಬರಲಿ. ಪದ ಬದಲಿಸಿ ಎಂದರೆ ಬದಲಿಸಲಿ. ಕೆಳಗಿನ ಸಾಲಿನಲ್ಲಿ ಬರೆಸಿದವರ ಹೆಸರು, ಬರೆದ ಇಸವಿ, ಯಾರನ್ನು ಕೇಳಿ ಬರೆದದ್ದು ಎಂಬುದು ಇರಲಿ. ಹತ್ತು ಹೆಜ್ಜೆ ಆಚೆ ಬ್ಲಾಕ್ ಹೌಸಿನ ಕಲ್ಲಿನಲ್ಲಿ ಬೂಕೇ ಮೊದಲ ಎರಡನ್ನು 1764ರಲ್ಲೇ ಕೆತ್ತಿಸಿದ್ದ.